ಹೊನ್ನಾವರದ ಶಾಲೆಗಳು, ನಮ್ಮ ಮಕ್ಕಳ ವಿಶ್ವ ಇತಿಹಾಸ

ಪ್ರಿಯ ಓದುಗರೇ,

ಹೊಸ ಶಾಲಾ ವರ್ಷ ಶುರುವಾದಾಗಲೆಲ್ಲ ನಮ್ಮ ಕೂಟದ ಅಪ್ಪ-ಅಮ್ಮಂದಿರು ಕೇಳುವ ಒಂದು ಪ್ರಶ್ನೆ ಇದೆ. ಮಗಳು ಎಪಿ ವರ್ಲ್ಡ್ ಹಿಸ್ಟರಿ ತಗೊಂಡಿದ್ದಾಳೆ, ಆನ್‌ಲೈನ್‌ನಲ್ಲಿ ಓದೋದಕ್ಕೆ ಒಳ್ಳೆಯದು ಏನಿದೆ? ಗಣಿತಕ್ಕೆ, ಕೋಡಿಂಗ್‌ಗೆ ಉತ್ತರ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇತಿಹಾಸ ಅಂದಾಗ ಮಾತ್ರ ಹತ್ತು ನಿಮಿಷದ ವಿಡಿಯೊ ಲಿಂಕ್ ಕೊಟ್ಟು ಸುಮ್ಮನಾಗುತ್ತೇವೆ. ಈ ಸಲದ ಸಂಪಾದಕೀಯವನ್ನು ಆ ಪ್ರಶ್ನೆಗೇ ಇಟ್ಟಿದ್ದೇನೆ.

ಮೊದಲು ಆ ಕೋರ್ಸ್ ಬಗ್ಗೆ ಒಂದೆರಡು ಮಾತು. ಎಪಿ ಅಂದರೆ ಇಲ್ಲಿ ಅಮೆರಿಕದ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್; ಅದನ್ನು ನಡೆಸುವ ಸಂಸ್ಥೆ ಕಾಲೇಜ್ ಬೋರ್ಡ್. 2018ರಲ್ಲಿ ಕಾಲೇಜ್ ಬೋರ್ಡ್ ಇದನ್ನು 1450ರಿಂದ ಶುರು ಮಾಡಲು ಹೊರಟಿತ್ತು. ಹಾಗಾದರೆ ಯುರೋಪಿನವರು ಹಡಗು ಹತ್ತಿದ ಮೇಲಿನ ಕಥೆಯೇ ಪ್ರಪಂಚದ ಕಥೆ ಆಗಿಬಿಡುತ್ತದೆ ಎಂದು ಶಿಕ್ಷಕರೂ ವಿದ್ಯಾರ್ಥಿಗಳೂ ಜೋರಾಗಿ ವಿರೋಧಿಸಿದರು. ಕೊನೆಗೆ 1200ರಿಂದ ಎಂದು ತೀರ್ಮಾನವಾಯಿತು. ಆ 250 ವರ್ಷ ಉಳಿದದ್ದು ನಮಗೂ ದೊಡ್ಡ ವಿಷಯ. ವಿಜಯನಗರ ಹುಟ್ಟಿದ್ದು ಆ ಅವಧಿಯಲ್ಲೇ ಅಲ್ವಾ? ಪಠ್ಯಕ್ರಮದ ಮೊದಲ ಘಟಕದಲ್ಲೇ ಅದರ ಹೆಸರಿದೆ. ಆದರೆ ಒಂದು ಹೆಸರು, ಒಂದೆರಡು ಸಾಲು, ಮುಂದಿನ ಪುಟದಲ್ಲಿ ಇನ್ನೊಂದು ದೇಶ. ವಿಡಿಯೊಗಳಲ್ಲೂ ಹಾಗೇ. ಅವು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಜಾನ್ ಗ್ರೀನ್ 2012ರಲ್ಲಿ ಶುರು ಮಾಡಿದ ಕ್ರ್ಯಾಶ್ ಕೋರ್ಸ್, ಖಾನ್ ಅಕಾಡೆಮಿಯ ಪಾಠಗಳು, ವರ್ಲ್ಡ್ ಹಿಸ್ಟರಿ ಎನ್‌ಸೈಕ್ಲೋಪೀಡಿಯ, ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಪರೀಕ್ಷೆಯ ಹಿಂದಿನ ವಾರ ಒಟ್ಟು ನೋಟ ಬೇಕೆಂದರೆ ಅವೇ ಸಾಕು. ಆದರೆ ಅವೆಲ್ಲ ಯಾರೋ ಓದಿ, ಅರಗಿಸಿಕೊಂಡು, ನಮಗೆ ಹೇಳುವ ಸಾರಾಂಶ. ಇಂಟರ್ನೆಟ್ ಇತಿಹಾಸಕ್ಕೆ ಕೊಟ್ಟ ನಿಜವಾದ ಕೊಡುಗೆ ಬೇರೆಯೇ ಇದೆ. ಕೇಂಬ್ರಿಜ್‌ನಲ್ಲೋ ಪ್ಯಾರಿಸ್‌ನಲ್ಲೋ ಬೀಗ ಹಾಕಿದ ಕೋಣೆಯಲ್ಲಿದ್ದ ಮೂಲ ದಾಖಲೆಗಳನ್ನು ಇವತ್ತು ಹದಿನೈದು ವರ್ಷದ ಮಗು ಅಡುಗೆಮನೆಯ ಮೇಜಿನ ಮೇಲೆ ಓದಬಹುದು.

ಮೊದಲು ಇಬ್ನ್ ಬತೂತನನ್ನು ತೆಗೆದುಕೊಳ್ಳಿ. ಮೊರೊಕ್ಕೊದ ತಾಂಜಿಯರ್ ಊರಿನವನು. 1325ರಲ್ಲಿ 21 ವರ್ಷದವನಿದ್ದಾಗ ಮನೆ ಬಿಟ್ಟವನು ಸುಮಾರು 30 ವರ್ಷ ಸುತ್ತಿದ. ಇಲ್ಲಿನ ಪಠ್ಯದಲ್ಲೂ ಅವನು ಇದ್ದಾನೆ. ಬರ್ಕ್ಲಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಅವನ ಪ್ರಯಾಣವನ್ನು ಊರೂರಾಗಿ ಹಿಂಬಾಲಿಸುವ ಪುಟಗಳಿವೆ. ಅವನ್ನು ಮಕ್ಕಳಿಗೆಂದೇ ಒಬ್ಬ ಶಾಲಾ ಶಿಕ್ಷಕರು ತಯಾರಿಸಿದ್ದು. ಮಕ್ಕಳಿಗೆ ಮೆಕ್ಕಾ, ದೆಹಲಿ, ಮಾಲ್ಡೀವ್ಸ್ ಗೊತ್ತಾಗುತ್ತದೆ. ಆದರೆ ಅವನು 1342ರ ಸುಮಾರಿಗೆ ನಮ್ಮ ಹೊನ್ನಾವರಕ್ಕೂ ಬಂದಿದ್ದ, ಅಲ್ಲಿಂದ ಮಂಗಳೂರಿಗೂ ಹೋಗಿದ್ದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆ ಎಂದು ಹೇಳುತ್ತಾನೆ. ಅಲ್ಲಿನ ಮುಸ್ಲಿಂ ಹೆಂಗಸರಿಗೆ ಕುರಾನ್ ಬಾಯಿಪಾಠ ಬರುತ್ತಿತ್ತು ಎನ್ನುತ್ತಾನೆ. ಹೊನ್ನಾವರದ ಸುಲ್ತಾನ ಒಬ್ಬ ದೊಡ್ಡ ಹಿಂದೂ ರಾಜನ ಅಧೀನದಲ್ಲಿದ್ದ ಎಂದೂ ಹೇಳಿ, ಆ ರಾಜನನ್ನು ಹರ್ಯಬ್ ಎಂದು ಕರೆಯುತ್ತಾನೆ. ಅದು ವಿಜಯನಗರದ ಹರಿಹರ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯದಲ್ಲಿರುವ ಇಬ್ಬರು ಉತ್ತರ ಕನ್ನಡದ ಒಂದು ಬಂದರಿನಲ್ಲಿ ಹೀಗೆ ಸೇರುತ್ತಾರೆ.

ಈಗ ಮಗುವಿಗೆ ಒಂದು ಪ್ರಶ್ನೆ ಕೇಳಿ. ಈ ಶಾಲೆಗಳ ಲೆಕ್ಕವನ್ನು ನಂಬಬಹುದಾ? ಅವನು ಇದನ್ನೆಲ್ಲ ಹೇಳಿ ಬರೆಸಿದ್ದು ಊರಿಗೆ ವಾಪಸ್ ಹೋದ ಮೇಲೆ, ಹತ್ತು ವರ್ಷಕ್ಕೂ ಜಾಸ್ತಿ ಕಾಲ ಕಳೆದ ನಂತರ. ಬರೆದುಕೊಂಡವನು ಇಬ್ನ್ ಜುಜೈ ಎಂಬ ಇನ್ನೊಬ್ಬ ವಿದ್ವಾಂಸ. ನೆನಪು ಎಷ್ಟು, ಸೇರಿಸಿದ್ದು ಎಷ್ಟು? ಇಂಥ ಪ್ರಶ್ನೆ ಕೇಳುವುದನ್ನೇ ಇಲ್ಲಿನ ಪರೀಕ್ಷೆಯೂ ಬಯಸುತ್ತದೆ. ಏಳು ದಾಖಲೆ ಕೊಟ್ಟು ಒಂದು ಗಂಟೆಯಲ್ಲಿ ಅವುಗಳ ಮೇಲೆ ವಾದ ಕಟ್ಟು ಎನ್ನುವ ಒಂದು ಪ್ರಶ್ನೆ ಅದರಲ್ಲಿರುತ್ತದೆ. ಇಸವಿಗಳನ್ನು ಉರು ಹೊಡೆದವರು ತಡಕಾಡುವುದು ಅಲ್ಲೇ.

ವಿಜಯನಗರಕ್ಕೂ ಹೀಗೇ ಮಾಡಬಹುದು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ, ಆ ನಗರವನ್ನು ಕಣ್ಣಾರೆ ಕಂಡವನು. ಊರು ರೋಮ್‌ನಷ್ಟು ದೊಡ್ಡದಾಗಿದೆ, ನೋಡಲು ಬಹಳ ಚೆನ್ನಾಗಿದೆ ಎಂದು ಬರೆದ. ಅವನದೂ ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸನದೂ ಬರಹಗಳು ಪ್ಯಾರಿಸ್‌ನ ಗ್ರಂಥಾಲಯದಲ್ಲಿದ್ದವು. 1897ರಲ್ಲಿ ಅವು ಪೋರ್ಚುಗೀಸಿನಲ್ಲಿ ಅಚ್ಚಾದವು. 1900ರಲ್ಲಿ ರಾಬರ್ಟ್ ಸ್ಯೂಯೆಲ್ ಇಂಗ್ಲಿಷಿಗೆ ತಂದರು. ಆ ಪುಸ್ತಕ ಪೂರ್ತಿಯಾಗಿ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮಹಾನವಮಿಯ ಒಂದು ಪುಟ ಓದಿಸಿ. ನಮ್ಮ ದಸರಾ ಕಾರ್ಯಕ್ರಮದಲ್ಲಿ ಕುಣಿಯುವ ಮಕ್ಕಳಿಗೆ ಅದು ತಾನಾಗಿಯೇ ಅರ್ಥವಾಗುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇನ್ನೂ ಹಳೆಯದು. ಕೈರೋದ ಹಳೆಯ ಭಾಗ ಫುಸ್ತಾತ್‌ನಲ್ಲಿ ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾ ಮಂದಿರ ಇದೆ. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದು ಎಂಬುದು ಅವರ ಪದ್ಧತಿ. ಹಾಗಾಗಿ ನೂರಾರು ವರ್ಷಗಳ ಕಾಗದ ಅಲ್ಲಿನ ಒಂದು ಕೋಣೆಯಲ್ಲಿ ರಾಶಿ ಬಿತ್ತು. ಇಂಥ ಕೋಣೆಗೆ ಗೆನಿಜಾ ಎನ್ನುತ್ತಾರೆ. ಪ್ರಾರ್ಥನೆ ಮಾತ್ರ ಅಲ್ಲ, ವ್ಯಾಪಾರದ ಪತ್ರ, ಲೆಕ್ಕದ ಚೀಟಿ, ಮದುವೆಯ ಕರಾರು, ಎಲ್ಲ. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅದರಲ್ಲಿ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಒಯ್ದರು. ಸುಮಾರು 1,93,000 ತುಣುಕು. ಈಗ ಕೇಂಬ್ರಿಜ್‌ನ ಡಿಜಿಟಲ್ ಗ್ರಂಥಾಲಯದಲ್ಲಿ ಚಿತ್ರಗಳಿವೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆನಿಜಾ ಯೋಜನೆಯ ತಾಣದಲ್ಲಿ ಹುಡುಕಿ ಓದಬಹುದು.

ಆ ರಾಶಿಯಲ್ಲಿ ಮಂಗಳೂರು ಇದೆ. ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ ಟುನೀಸಿಯಾದ ಮಹ್ದಿಯಾದಿಂದ ಯೆಮೆನ್‌ನ ಬಂದರು ಏಡನ್‌ಗೆ, ಅಲ್ಲಿಂದ ನಮ್ಮ ಕರಾವಳಿಗೆ ಬಂದ. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ತುಳುನಾಡಿನಲ್ಲಿ ಆಗ ಆಳುಪರ ಆಳ್ವಿಕೆ. ಕಲ್ಯಾಣದ ವಚನಕಾರರ ಶತಮಾನವೂ ಅದೇ. ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ಹೇಳುತ್ತಾರೆ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಏಡನ್‌ಗೆ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಬರುತ್ತಿತ್ತು. ನಮ್ಮವರು ಓಲೆಗರಿಯಲ್ಲಿ ಬರೆಯುತ್ತಿದ್ದರು, ಅವನಿಗೆ ಕಾಗದವೇ ಬೇಕಿತ್ತು. ಏಡನ್‌ನವರು ಒಡೆದ ಹಿತ್ತಾಳೆ ಪಾತ್ರೆಗಳನ್ನು ಕಳಿಸಿ, ಕರಗಿಸಿ ಹೊಸದು ಮಾಡಿಸಿಕೊಡು ಎಂದು ಕೇಳುತ್ತಿದ್ದರು. ಅವನ ಪರವಾಗಿ ಏಡನ್‌ಗೆ ಹೋಗಿ ಬರುತ್ತಿದ್ದ ಆಳಿನ ಹೆಸರನ್ನು ಬೊಮ್ಮ ಎಂದು ಓದುತ್ತಾರೆ. ರಾಜನಲ್ಲ, ಸೇನಾಪತಿಯಲ್ಲ. ಸಾಮಾನು ಹೊತ್ತು ಸಮುದ್ರ ದಾಟಿದ ಒಬ್ಬ ಬೊಮ್ಮ. ಹಿಂದೂ ಮಹಾಸಾಗರದ ವ್ಯಾಪಾರ ಎಂಬ ಅಧ್ಯಾಯವನ್ನು ಇಂಥ ಒಂದು ಪತ್ರದಿಂದ ಶುರು ಮಾಡಿದರೆ ಯಾವ ಮಗುವಿಗೆ ಬೇಸರವಾದೀತು?

ನಮ್ಮೂರಿನ ನಂಟು ಇದ್ದದ್ದನ್ನು ಮಾತ್ರ ಓದಿಸಿದರೆ ಸಾಲದು. ನಮ್ಮ ಮಕ್ಕಳು ಬೆಳೆಯುತ್ತಿರುವುದು ಅಮೆರಿಕದಲ್ಲಿ. ಸ್ಲೇವ್ ವಾಯೇಜಸ್ ಎಂಬ ತಾಣವನ್ನು ಅವರು ನೋಡಲೇಬೇಕು. ಆಫ್ರಿಕಾದಿಂದ ಅಟ್ಲಾಂಟಿಕ್ ದಾಟಿದ 36,000ಕ್ಕೂ ಹೆಚ್ಚು ಹಡಗು ಯಾನಗಳ ದಾಖಲೆ ಅಲ್ಲಿದೆ. ಅಲ್ಲಿನ ಅಂದಾಜಿನ ಪ್ರಕಾರ ಹಡಗು ಹತ್ತಿಸಲಾದವರು ಸುಮಾರು 1 ಕೋಟಿ 25 ಲಕ್ಷ ಜನ. ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಇವರಲ್ಲಿ ಈಗಿನ ಅಮೆರಿಕದ ನೆಲಕ್ಕೆ ನೇರವಾಗಿ ಬಂದವರು 4 ಲಕ್ಷಕ್ಕಿಂತ ಕಡಿಮೆ. ಬ್ರೆಜಿಲ್‌ಗೆ ಹೋದವರು 45 ಲಕ್ಷಕ್ಕೂ ಜಾಸ್ತಿ. ಇದನ್ನು ನೋಡಿದ ಮಗುವಿಗೆ, ಯಲ್ಲಾಪುರ, ಹಳಿಯಾಳದ ಕಡೆ ಇರುವ ಸಿದ್ದಿಗಳ ಪೂರ್ವಜರೂ ಆಫ್ರಿಕಾದವರು, ಅವರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದಿದ್ದರು ಎಂದು ಹೇಳಿ. ಆಶುವಿನ ಪತ್ರವನ್ನೂ ಮತ್ತೆ ತೆಗೆಯಿರಿ. ಗುಲಾಮಗಿರಿ ಬೇರೆಯವರ ಇತಿಹಾಸ ಮಾತ್ರ ಅಲ್ಲ.

ಅಭಿಮಾನದ ವಿಷಯದಲ್ಲಿ ನಾವು ಇನ್ನೂ ಹುಷಾರಾಗಿರಬೇಕು. ಗ್ರೀಕ್ ನಾಟಕದಲ್ಲಿ ಕನ್ನಡ ಇದೆ ಎಂಬ ಸಂದೇಶ ನಿಮಗೂ ಬಂದಿರುತ್ತದೆ. ಮೂಲದಲ್ಲಿರುವುದು ಇಷ್ಟು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಪಪೈರಸ್‌ನಲ್ಲಿ ಒಂದು ಪ್ರಹಸನ ಇದೆ. ಖಾರಿಟಿಯನ್ ಎಂಬ ಗ್ರೀಕ್ ಹೆಂಗಸು ಭಾರತದ ಕರಾವಳಿಯಲ್ಲಿ ಸೆರೆಯಾಗಿದ್ದಾಳೆ. ಅಲ್ಲಿನ ರಾಜನ ಕಡೆಯವರು ಗ್ರೀಕ್ ಅಲ್ಲದ ಮಾತು ಆಡುತ್ತಾರೆ. 1904ರಲ್ಲಿ ಜರ್ಮನಿಯ ವಿದ್ವಾಂಸ ಹುಲ್ಟ್ಸ್ ಅದು ಕನ್ನಡ ಎಂದರು. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಆ ದಾರಿಯಲ್ಲಿ ಮುಂದುವರಿದರು. 1926ರಲ್ಲಿ ಬಾರ್ನೆಟ್ ಎಂಬ ಇನ್ನೊಬ್ಬ ವಿದ್ವಾಂಸರು ಅದನ್ನು ಒಂದೊಂದಾಗಿ ಪರೀಕ್ಷಿಸಿ ಒಪ್ಪಲಿಲ್ಲ. ಅದು ಕನ್ನಡವೇ ಆಗಿದ್ದರೆ ನನ್ನಷ್ಟು ಖುಷಿಪಡುವವರು ಯಾರೂ ಇಲ್ಲ. ಆದರೆ ಸಾಬೀತಾಗಿದೆ ಎಂದು ಮಕ್ಕಳಿಗೆ ಹೇಳಬಾರದು. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಅವರ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಜಾಲತಾಣಗಳನ್ನು ಅಳೆಯುವುದರಲ್ಲಿ ಇತಿಹಾಸದ ಪ್ರೊಫೆಸರ್‌ಗಳೂ ಮೋಸಹೋದರು. ಸುದ್ದಿ ಪರಿಶೀಲಿಸುವ ವೃತ್ತಿಯವರು ಮೋಸಹೋಗಲಿಲ್ಲ. ಅವರು ಆ ಪುಟದಲ್ಲೇ ಕೂತು ಓದದೆ, ತಕ್ಷಣ ಬೇರೆ ಟ್ಯಾಬ್‌ಗಳನ್ನು ತೆರೆದು, ಇದರ ಬಗ್ಗೆ ಉಳಿದವರು ಏನು ಹೇಳುತ್ತಾರೆ ಎಂದು ನೋಡಿದರು. ಇದನ್ನು ದೊಡ್ಡವರಾದ ನಾವೂ ಕಲಿಯಬೇಕು, ಮಕ್ಕಳಿಗಿಂತ ಮೊದಲೇ.

ಈ ದಾಖಲೆಗಳೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಊರಿನ ಕನ್ನಡ ಮಾಧ್ಯಮದ ಮಗುವಿಗೆ ಇವು ತಲುಪುವುದಿಲ್ಲ ಎಂಬ ಸಂಕಟ ನನಗಿದೆ. ನಮ್ಮ ಮಕ್ಕಳಿಗೆ ಎರಡೂ ಭಾಷೆ ಬರುತ್ತದೆ, ಇಲ್ಲಿ ಸಮಯವೂ ಸೌಕರ್ಯವೂ ಇದೆ. ಅದಕ್ಕಾಗಿ ಮುಂದಿನ ಸಂಚಿಕೆಯಿಂದ ಒಂದು ಪುಟ ತೆಗೆದಿಟ್ಟಿದ್ದೇವೆ. ಪ್ರತಿ ಸಲ ಒಂದು ಮೂಲ ದಾಖಲೆ ಕನ್ನಡದಲ್ಲಿ ಬರಲಿ. ಅದರ ಕೆಳಗೆ ಬರೆದವರು ಯಾರು, ಯಾವಾಗ, ಯಾರಿಗಾಗಿ ಎಂಬ ನಾಲ್ಕು ಸಾಲಿರಲಿ. ಹೈಸ್ಕೂಲಿನ ಮಕ್ಕಳೇ ಬರೆಯಲಿ. ಕನ್ನಡ ತಿದ್ದಲು ಅಜ್ಜ-ಅಜ್ಜಿಯರು ನೆರವಾಗಲಿ. ಚೆನ್ನಾಗಿ ಬಂದದ್ದನ್ನು ಕನ್ನಡ ವಿಕಿಪೀಡಿಯದ ಲೇಖನಗಳಿಗೂ ಬಳಸೋಣ. ಮೊದಲ ದಾಖಲೆಯಾಗಿ ಇಬ್ನ್ ಬತೂತನ ಹೊನ್ನಾವರವನ್ನು ಆರಿಸಿದ್ದೇವೆ. ಬರೆಯಲು ಮನಸ್ಸಿರುವ ಮಕ್ಕಳು ಈ ತಿಂಗಳ ಕೊನೆಯೊಳಗೆ ಸಂಪಾದಕ ಬಳಗಕ್ಕೆ ತಿಳಿಸಿ.