ಬೇರೇ ಇಲ್ಲದ ಗಿಡವನ್ನು ಮರಳಲ್ಲಿ ನೆಡಿ ಅಂತ ಬರೆದಿದ್ದೀರಿ

ಗ್ರಾಹಕ ಸೇವೆಯವರಿಗೆ,

ನಮಸ್ಕಾರ. ಐದು ವಾರದ ಹಿಂದೆ ನಿಮ್ಮಿಂದ ಆಲ್ಡ್ರೊವಾಂಡ ಗಿಡ ತರಿಸಿಕೊಂಡಿದ್ದೆ. ನಿಮ್ಮ ಪಟ್ಟಿಯಲ್ಲಿ ವಾಟರ್‌ವೀಲ್ ಅಂತಲೂ ಇದೆ. ನೀರಲ್ಲಿ ಬದುಕುವ ಕೀಟಾಹಾರಿ ಗಿಡ. ಹತ್ತು ಎಳೆ ಬಂದವು. ಈಗ ಉಳಿದಿರುವುದು ಒಂದೇ ತುದಿ, ನನ್ನ ಕಿರುಬೆರಳಿನ ಅರ್ಧದಷ್ಟು ಉದ್ದ. ಅದನ್ನು ಬೇರೆ ಬಟ್ಟಲಲ್ಲಿ ಇಟ್ಟು ದಿನಾ ಬೆಳಿಗ್ಗೆ ನೋಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಗಿಡ ಬಂದಾಗ ಚೆನ್ನಾಗಿಯೇ ಇತ್ತು. ಕವರ್ ಒಡೆದಿರಲಿಲ್ಲ, ನೀರು ಸೋರಿರಲಿಲ್ಲ, ಬೆಳೆಯುವ ತುದಿಗಳೆಲ್ಲ ಹಸಿರಾಗಿದ್ದವು. ಪ್ಯಾಕ್ ಮಾಡಿದವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ನನ್ನ ದೂರು ಇರುವುದು ಗಿಡದ ಜೊತೆ ಬಂದ ಆರೈಕೆ ಕಾರ್ಡಿನ ಬಗ್ಗೆ. ಆ ಕಾರ್ಡಿನಲ್ಲಿದ್ದ ಹಾಗೆ ಒಂದೊಂದನ್ನೂ ಮಾಡಿದೆ. ಮಾಡಿದ್ದಕ್ಕೇ ಗಿಡ ಹೋಯಿತು.

ಕಾರ್ಡಿನ ಮೊದಲ ಸಾಲು, "ಬೇರು ಮುಚ್ಚುವಂತೆ ಮರಳಲ್ಲಿ ಎರಡು ಇಂಚು ಆಳಕ್ಕೆ ನೆಡಿ." ನಾನು ಬೇರು ಹುಡುಕಿದೆ. ಭೂತಗನ್ನಡಿ ಹಿಡಿದು ಎರಡೂ ತುದಿ ನೋಡಿದೆ. ಎಲ್ಲೂ ಇರಲಿಲ್ಲ. ಒಂದು ತುದಿ ಸ್ವಲ್ಪ ಕಂದಾಗಿತ್ತು, ಅದೇ ಬೇರಿನ ಕಡೆ ಇರಬೇಕು ಅಂದುಕೊಂಡು ಆರು ಎಳೆಗಳನ್ನು ಮರಳಿಗೆ ಸಿಕ್ಕಿಸಿದೆ. ಉಳಿದ ನಾಲ್ಕು ಎಷ್ಟು ಒತ್ತಿದರೂ ನಿಲ್ಲದೆ ಮೇಲಕ್ಕೆ ಬಂದವು. ಆ ಉಳಿದ ತುದಿ ಇದೆಯಲ್ಲ, ಅದು ಈ ನಾಲ್ಕರಲ್ಲಿ ಒಂದು.

ಈ ಗಿಡಕ್ಕೆ ಬೇರೇ ಇಲ್ಲ. ನೀರಿನ ಮೇಲ್ಪದರದಲ್ಲಿ ತೇಲಿಕೊಂಡು ಒಂದು ತುದಿಯಲ್ಲಿ ಬೆಳೆಯುತ್ತಾ ಹೋಗುತ್ತದೆ, ಇನ್ನೊಂದು ತುದಿ ಹಳತಾಗಿ ಕಂದಾಗಿ ಕಳಚಿಕೊಳ್ಳುತ್ತದೆ. ನಾನು ಹೂತಿದ್ದು ಆ ಸಾಯುತ್ತಿದ್ದ ತುದಿಯನ್ನು. ಇದೇನೂ ಹೊಸದಾಗಿ ಗೊತ್ತಾದ ವಿಷಯವಲ್ಲ. ಕೀಟಾಹಾರಿ ಗಿಡಗಳ ಬಗ್ಗೆ ಡಾರ್ವಿನ್ 1875ರಲ್ಲಿ ತಂದ ಪುಸ್ತಕದಲ್ಲೇ ಇದಕ್ಕೆ ಬೇರಿಲ್ಲ, ನೀರಲ್ಲಿ ತೇಲುತ್ತದೆ ಅಂತ ಇದೆ. ಇದನ್ನು ಮಾರುವವರಿಗೆ ಅಷ್ಟಾದರೂ ಗೊತ್ತಿರಬೇಕು ಅಲ್ವಾ?

ಮೂರನೇ ದಿನದ ಸಂಜೆ ನಾನು ನೋಡಿದ್ದನ್ನು ಇಲ್ಲಿ ಬರೆಯಲೇಬೇಕು. ಇಲ್ಲದಿದ್ದರೆ ಒಂದು ಗಿಡಕ್ಕೆ ಇಷ್ಟೊಂದು ಯಾಕೆ ಅಂತ ನಿಮಗೆ ಅನ್ನಿಸಬಹುದು. ಟ್ಯಾಂಕಿಗೆ ಸ್ವಲ್ಪ ಡಾಫ್ನಿಯಾ ಬಿಟ್ಟಿದ್ದೆ, ಸಾಸಿವೆಗಿಂತ ಚಿಕ್ಕ ನೀರುಹುಳ. ಗಿಡದ ದಂಟಿನ ಸುತ್ತ ಚಕ್ರದ ಕಡ್ಡಿಗಳ ಹಾಗೆ ಎಲೆಗಳು, ಒಂದೊಂದು ಎಲೆಯ ತುದಿಗೂ ಒಂದು ಬೋನು. ಪುಟ್ಟ ಚಿಪ್ಪು ಬಾಯಿ ತೆರೆದಂತೆ, 3-4 ಮಿಲಿಮೀಟರ್ ಇರಬಹುದು. ಒಂದು ಡಾಫ್ನಿಯಾ ಕುಪ್ಪಳಿಸಿಕೊಂಡು ಬಂದು ಅದರೊಳಗೆ ಹೋಯಿತು, ಒಳಗಿನ ಕೂದಲಿಗೆ ತಾಗಿರಬೇಕು, ಬೋನು ಮುಚ್ಚಿಕೊಂಡಿತು. ಮುಚ್ಚುವುದು ಕಾಣಿಸಲೇ ಇಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ ಅದಕ್ಕೆ. ಗಾಜಿನಂಥ ಗೋಡೆಯ ಒಳಗೆ ಆ ಹುಳ ಇನ್ನೂ ಕಾಲಾಡಿಸುತ್ತಿತ್ತು. ಭೂತಗನ್ನಡಿ ಕೆಳಗಿಡಲು ಮನಸ್ಸೇ ಬರಲಿಲ್ಲ. ಮಗಳನ್ನು ಕರೆದು ತೋರಿಸಿದೆ. ಅವಳು ಆವತ್ತಿಂದ ಶಾಲೆಯಿಂದ ಬಂದ ಕೂಡಲೇ ಟ್ಯಾಂಕ್ ಹತ್ತಿರ ಹೋಗುತ್ತಿದ್ದಳು.

ಆಮೇಲೆ ಕಾರ್ಡಿನ ಉಳಿದ ಸಾಲುಗಳು. "ನಲ್ಲಿ ನೀರು ಸಾಕು." ನಮ್ಮ ನಲ್ಲಿ ನೀರು ಗಡಸು, ಪಿಎಚ್ (ನೀರು ಎಷ್ಟು ಆಮ್ಲೀಯ ಅನ್ನುವ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಆಮ್ಲೀಯ) ನೋಡಿದರೆ 8. ಆಲ್ಡ್ರೊವಾಂಡಕ್ಕೆ ಬೇಕಾಗಿರುವುದು ಮೆದು ನೀರು, ಸ್ವಲ್ಪ ಆಮ್ಲೀಯವಾಗಿರಬೇಕು, 6ರ ಆಸುಪಾಸು. ಕಾರಣವೂ ಇದೆ. ಈ ಗಿಡ ನೀರಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡನ್ನಷ್ಟೇ ಬಳಸಿಕೊಳ್ಳುತ್ತದೆ. ಕೆಲವು ನೀರುಗಿಡಗಳು ಬೈಕಾರ್ಬನೇಟನ್ನೂ ಬಳಸಿಕೊಳ್ಳುತ್ತವೆ, ಇದಕ್ಕೆ ಅದು ಆಗುವುದಿಲ್ಲ. ಪಿಎಚ್ 8 ಇರುವ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ತೀರಾ ಕಡಿಮೆ. ಅಂದರೆ ನಾನು ಅದನ್ನು ಸುಮ್ನೆ ಉಪವಾಸ ಕೂರಿಸಿದ್ದೆ.

"ಮೀನಿನ ಜೊತೆ ಚೆನ್ನಾಗಿ ಬೆಳೆಯುತ್ತದೆ." ನಾಲ್ಕು ಪುಟ್ಟ ಮೀನು ಬಿಟ್ಟೆ. ಮಾರನೇ ದಿನ ಒಂದು ಡಾಫ್ನಿಯಾ ಕೂಡ ಉಳಿದಿರಲಿಲ್ಲ. ಗಿಡದ ಊಟವನ್ನು ಮೀನು ತಿಂದವು.

ಎಲ್ಲಕ್ಕಿಂತ ಕೆಟ್ಟದ್ದು ಗೊಬ್ಬರದ ಸಾಲು. "ವಾರಕ್ಕೊಮ್ಮೆ ದ್ರವ ಗೊಬ್ಬರ ಹಾಕಿ." ಹಾಕಿದೆ. ಒಂಬತ್ತನೇ ದಿನ ಟ್ಯಾಂಕಿನ ಒಂದು ಮೂಲೆಯಲ್ಲಿ ಹಸಿರು ನೂಲಿನಂಥ ಪಾಚಿ ಕಂಡಿತು. ಇನ್ನು ನಾಲ್ಕು ದಿನಕ್ಕೆ ಅದು ಎಳೆಎಳೆಗೂ ಸುತ್ತಿಕೊಂಡು, ಬೋನುಗಳ ಬಾಯಿಗೆ ಸಿಕ್ಕಿಕೊಂಡು, ಬಿಡಿಸಲು ಹೋದರೆ ಎಲೆಯೇ ಕಿತ್ತು ಬರುವಷ್ಟಾಯಿತು. ಚಿಮುಟ ಹಿಡಿದು ರಾತ್ರಿ ಎರಡು ಗಂಟೆ ಕೂತು ಬಿಡಿಸಿದೆ. ಬೆಳಿಗ್ಗೆ ನೋಡಿದರೆ ಮತ್ತೆ ಅಷ್ಟೇ. ಈ ಗಿಡ ಹುಳ ಹಿಡಿಯುವುದೇ ನೀರಲ್ಲಿ ಸಾರ ಕಡಿಮೆ ಇರುತ್ತದೆ ಅಂತ. ನೈಟ್ರೋಜನ್, ಫಾಸ್ಫರಸ್ ಎಲ್ಲ ಹುಳದಿಂದ ತೆಗೆದುಕೊಳ್ಳುತ್ತದೆ. ನೀರಿಗೆ ಸುರಿದ ಗೊಬ್ಬರದಿಂದ ಕೊಬ್ಬುವುದು ಪಾಚಿ.

ಆಗ ನಿಮಗೆ ಫೋಟೋ ಸಮೇತ ಬರೆದೆ. ನಿಮ್ಮವರು ಕಳಿಸಿದ ಉತ್ತರ ಇನ್ನೂ ನನ್ನ ಹತ್ತಿರ ಇದೆ. "ಬೇರು ಹಿಡಿದಿರಲಿಕ್ಕಿಲ್ಲ, ಗೊಬ್ಬರ ಎರಡರಷ್ಟು ಮಾಡಿ ನೋಡಿ." ನಿಮಗೆ ಗೊತ್ತಿರುತ್ತದೆ ಅಂತ ನಂಬಿ ಅದನ್ನೂ ಮಾಡಿದೆ. ಮೂರನೇ ವಾರ ಮುಗಿಯುವಷ್ಟರಲ್ಲಿ ಏಳು ಎಳೆ ಕರಗಿ ಹೋಗಿದ್ದವು. ಇನ್ನೆರಡು ಅದರ ಮುಂದಿನ ವಾರ ಹೋದವು. ಮತ್ತೆ ಬರೆದರೆ ಒಂದೇ ಸಾಲು ಬಂತು, ಜೀವಂತ ಗಿಡಗಳಿಗೆ ಗ್ಯಾರಂಟಿ ಇಲ್ಲ ಅಂತ. ದಾರಿಯಲ್ಲಿ ಸತ್ತ ಗಿಡಕ್ಕೋ, ನಾನು ಅಸಡ್ಡೆ ಮಾಡಿ ಕೊಂದ ಗಿಡಕ್ಕೋ ಆ ಮಾತು ಹೇಳಿದರೆ ಒಪ್ಪುತ್ತೇನೆ. ನೀವೇ ಬರೆದುಕೊಟ್ಟ ಹಾಗೆ ಮಾಡಿ ಸತ್ತಿದ್ದಕ್ಕೆ ಅದು ಉತ್ತರ ಅಲ್ಲ.

ಆಮೇಲೆ ನಾನೇ ಓದಿ ತಿಳಿದುಕೊಂಡೆ. ಉಳಿದ ತುದಿ ಈಗ ಮಳೆನೀರಲ್ಲಿದೆ. ತಳದಲ್ಲಿ ಒಣಗಿದ ಜೊಂಡಿನ ಎಲೆ ಹಾಕಿದ್ದೇನೆ, ನೀರು ತಿಳಿ ಕಂದು ಬಣ್ಣಕ್ಕೆ ಬಂದಿದೆ. ಪಕ್ಕದಲ್ಲಿ ಒಂದು ಜೀವಂತ ಜೊಂಡಿನ ಬುಡ, ಅದು ನೀರಲ್ಲಿರುವ ಹೆಚ್ಚಿನ ಸಾರ ಎಳೆದುಕೊಂಡರೆ ಪಾಚಿಗೆ ಸಿಗುವುದು ಕಡಿಮೆ. ಬೆಳಕು ಚೆನ್ನಾಗಿ ಬೀಳುತ್ತದೆ, ಮೀನಿಲ್ಲ, ಗೊಬ್ಬರ ಇಲ್ಲ, ಡಾಫ್ನಿಯಾ ಇದೆ. ಹತ್ತು ದಿನದಲ್ಲಿ ಐದು ಹೊಸ ಸುತ್ತು ಎಲೆ ಬಂದಿವೆ. ಇಷ್ಟನ್ನೇ ಕಾರ್ಡಿನಲ್ಲಿ ಬರೆದಿದ್ದರೆ ನಾಲ್ಕೈದು ಸಾಲಿಗಿಂತ ಜಾಸ್ತಿ ಆಗುತ್ತಿರಲಿಲ್ಲ.

ನನಗೆ ಬೇಕಾಗಿರುವುದು ಇಷ್ಟು. ಮೊದಲು ಆ ಕಾರ್ಡನ್ನು ಈಗಲೇ ನಿಲ್ಲಿಸಿ. ಅದು ಮಾಮೂಲಿ ಟ್ಯಾಂಕ್ ಗಿಡಗಳಿಗೆ ಬರೆದ ಕಾರ್ಡು, ಹೆಸರು ಮಾತ್ರ ಬದಲಾಯಿಸಿದ್ದೀರಿ ಅಂತ ಓದಿದವರಿಗೆ ಗೊತ್ತಾಗುತ್ತದೆ. ಈಗಾಗಲೇ ಇದೇ ಗಿಡ ತೆಗೆದುಕೊಂಡವರಿಗೆಲ್ಲ ಒಂದು ಮೇಲ್ ಕಳಿಸಿ, ಗೊಬ್ಬರ ಹಾಕಬೇಡಿ, ಮರಳಿಂದ ತೆಗೆದು ತೇಲಲು ಬಿಡಿ ಅಂತ. ಅವರ ಗಿಡ ಇನ್ನೂ ಬದುಕಿರಬಹುದು, ಇದು ತಡ ಮಾಡುವ ಕೆಲಸ ಅಲ್ಲ. ನನ್ನ ದುಡ್ಡು ವಾಪಸ್ ಕೊಡಿ. ಬದಲಿಗೆ ಗಿಡ ಕಳಿಸುವುದಾದರೂ ಆಗಬಹುದು, ಆದರೆ ಒಂದು ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ.

ಈ ಗಿಡ ನಿಮಗೆ ಎಲ್ಲಿಂದ ಬರುತ್ತದೆ? ಆಲ್ಡ್ರೊವಾಂಡ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನಲ್ಲಿರುವ ಗಿಡ. ಯುರೋಪ್, ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾ ಎಲ್ಲ ಕಡೆ ಇತ್ತು, ಈಗ ಎಷ್ಟೋ ಕೆರೆ ಜೌಗುಗಳಿಂದ ಮಾಯವಾಗಿದೆ. ಆ ಕುಲದಲ್ಲಿ ಈಗ ಬದುಕಿರುವುದು ಇದೊಂದೇ ಜಾತಿ. ಸರಿಯಾಗಿ ನೋಡಿಕೊಂಡರೆ ಕವಲೊಡೆದು ತಾನೇ ಹೆಚ್ಚಾಗುತ್ತದೆ, ಬೆಳೆಸಿ ಮಾರಬಹುದು. ಕೆರೆಯಿಂದ ಕಿತ್ತು ತಂದಿದ್ದಾದರೆ ನನಗೆ ಬದಲಿ ಗಿಡ ಬೇಡ.

ಆರ್ಡರ್ ನಂಬರ್, ಕಾರ್ಡಿನ ಎರಡೂ ಬದಿಯ ಫೋಟೋ, ನಿಮ್ಮವರ ಎರಡು ಉತ್ತರ ಇದರ ಜೊತೆ ಕಳಿಸಿದ್ದೇನೆ. ಹೊಸ ಕಾರ್ಡ್ ಬರೆಯುವಾಗ ಸಹಾಯ ಬೇಕಾದರೆ ಕೇಳಿ, ಓದಿ ತಿದ್ದಿ ಕೊಡುತ್ತೇನೆ. ಹತ್ತು ದಿನದೊಳಗೆ ಉತ್ತರ ಕೊಡಿ. ಬರದಿದ್ದರೆ ಗ್ರಾಹಕರ ಆಯೋಗಕ್ಕೆ ಇದೇ ಪತ್ರ ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ