ಎಂಜಿನ್ ನಿಂತ ಮೇಲಿನ ಎರಡು ಸೆಕೆಂಡು

ಮಾನ್ಯರೇ,

ಕಲಿಯುವವರು ಹಾರಿಸುತ್ತಿದ್ದ ಮೈಕ್ರೋಲೈಟ್ ವಿಮಾನ ಟೇಕಾಫ್ ಆದ ಕೂಡಲೇ ಬಿದ್ದರೆ ‘ಎಂಜಿನ್ ಕೈಕೊಟ್ಟು ಪತನ’ ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಎಂಜಿನ್ ನಿಂತ ಮಾತ್ರಕ್ಕೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ವೇಗ ಉಳಿಸಿಕೊಂಡರೆ ತೇಲುತ್ತಲೇ ಇಳಿಯುತ್ತದೆ. ಆದರೆ ಆ ವೇಗ ಸೋರಿಹೋಗಲು ಎರಡು ಸೆಕೆಂಡು ಸಾಕು.

ಕೊಳವೆ, ತಂತಿ, ಬಟ್ಟೆಯಲ್ಲಿ ಕಟ್ಟಿದ ಇಂಥ ಎರಡು ಸೀಟಿನ ಹಗುರ ವಿಮಾನ ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ಮೇಲೇರುತ್ತದೆ. 60ರ ಹತ್ತಿರಕ್ಕೆ ಬಂದರೆ ಸ್ಟಾಲ್, ಅಂದರೆ ರೆಕ್ಕೆ ಎತ್ತುವುದನ್ನೇ ಬಿಡುತ್ತದೆ. ನಡುವೆ ಉಳಿದದ್ದು ಬರೀ 20. ತೂಕ ಕಡಿಮೆ, ಗಾಳಿಯ ತಡೆ ಜಾಸ್ತಿ. ಮೂತಿ ಮೇಲಿರುವಾಗಲೇ ಎಂಜಿನ್ ನಿಂತರೆ, ಏನಾಯಿತೆಂದು ಥ್ರಾಟಲ್ (ಎಂಜಿನ್ ಪವರ್ ಹೆಚ್ಚುಕಡಿಮೆ ಮಾಡುವ ಹಿಡಿ) ಕಡೆ ಕಣ್ಣು ಹಾಯಿಸುವಷ್ಟರಲ್ಲಿ ಆ 20 ಖರ್ಚಾಗಿರುತ್ತದೆ. ಎಂಜಿನ್ ಎತ್ತರದಲ್ಲಿ ಕೂತಿರುವ ಮಾದರಿಗಳಲ್ಲಿ ತೊಡಕು ಇನ್ನೂ ಒಂದಿದೆ: ಪವರ್ ಇರುವಷ್ಟು ಹೊತ್ತು ಮೂತಿಯನ್ನು ಅದೇ ಕೆಳಕ್ಕೆ ಒತ್ತುತ್ತಿರುತ್ತದೆ, ಹೋದೊಡನೆ ಮೂತಿ ತಾನಾಗಿ ಮೇಲೇಳುತ್ತದೆ. ಮೂತಿ ಏರಿಳಿಸುವ ಸ್ಟಿಕ್ ಹಿಡಿದು ಸುಮ್ಮನೆ ಕೂತರೆ ಆಗದು, ಮುಂದಕ್ಕೆ ತಳ್ಳಲೇಬೇಕು. (ರೆಕ್ಕೆಯ ಕೆಳಗೆ ಮೂರು ಗಾಲಿಯ ಆಸನ ತೂಗುವ ಟ್ರೈಕ್ ಆದರೆ ಹಿಡಿದುಕೊಳ್ಳುವ ಬಾರನ್ನು ಎದೆಯತ್ತ ಎಳೆಯಬೇಕು, ಅಲ್ಲಿ ಎಲ್ಲವೂ ತಿರುವುಮುರುವು.) ನೆಲ ಎದುರಿಗೇ ಇರುವಾಗ ಮೂತಿ ಬಗ್ಗಿಸಲು ಹೊಸಬರ ಕೈ ಒಪ್ಪುವುದಿಲ್ಲ.

ಮೊದಲ ಸೋಲೋದಲ್ಲಿ, ಅಂದರೆ ಒಬ್ಬರೇ ಹಾರುವಾಗ, ಶಿಕ್ಷಕರ ಎಪ್ಪತ್ತು ಕೆ.ಜಿ. ಇರುವುದಿಲ್ಲ. 450 ಕೆ.ಜಿ. ವಿಮಾನಕ್ಕೆ ಅದು ದೊಡ್ಡ ವ್ಯತ್ಯಾಸ. ವಿಮಾನ ಚಿಮ್ಮಿ ಏರುತ್ತದೆ, ಮೂತಿ ಇನ್ನೂ ಕಡಿದಾಗಿ ನಿಲ್ಲುತ್ತದೆ. ಶಿಕ್ಷಕರು ಜೊತೆಗಿದ್ದಾಗಿನ ತೊಂದರೆ ಇದಕ್ಕೆ ಉಲ್ಟಾ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ ರನ್‌ವೇ ಇರುವುದೇ ಸುಮಾರು 3,000 ಅಡಿ ಎತ್ತರದಲ್ಲಿ. 33 ಡಿಗ್ರಿ ಬಿಸಿಲಿಗೆ ಅಲ್ಲಿನ ಗಾಳಿ ಹೆಚ್ಚುಕಡಿಮೆ 6,000 ಅಡಿ ಮೇಲಿನದರಷ್ಟು ತೆಳುವಾಗಿ, ಎಂಜಿನ್ ಆರನೇ ಒಂದು ಭಾಗದಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಏರುತ್ತಿಲ್ಲವೆಂದು ಸ್ಟಿಕ್ ಎಳೆದರೆ ವೇಗ 70ಕ್ಕೆ ಬಂತು. ಆಗ ಕೈಯಲ್ಲಿ ಉಳಿಯುವುದು ಹತ್ತೇ.

ರನ್‌ವೇಗೆ ವಾಪಸ್ ತಿರುಗುವ ಆಸೆಯಂತೂ ಬೇಡವೇ ಬೇಡ. ತಿರುಗಲು ರೆಕ್ಕೆಯನ್ನು 45 ಡಿಗ್ರಿ ವಾಲಿಸಿದರೆ ಸ್ಟಾಲ್ ವೇಗ 60ರಿಂದ 71ಕ್ಕೆ, 60 ಡಿಗ್ರಿಗೆ 85ಕ್ಕೆ ಏರುತ್ತದೆ. 500 ಅಡಿಗಿಂತ ಕೆಳಗೆ ಎಂಜಿನ್ ನಿಂತರೆ ಮುಂದಿರುವ ಹೊಲವೋ ಖಾಲಿ ಜಾಗವೋ ನೋಡಿ ಇಳಿಸಬೇಕು. ವಿಮಾನ ಜಖಂ ಆದರೆ ಆಗಲಿ.

ಎಂಜಿನ್ ನಿಲ್ಲುವುದಕ್ಕೂ ಎಷ್ಟೋ ಸಲ ಅವಸರವೇ ಕಾರಣ. ರೋಟಾಕ್ಸ್ 582ರಂಥ ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಕೂಲಂಟ್ (ತಂಪಾಗಿಸುವ ದ್ರವ) 65 ಡಿಗ್ರಿ ಮುಟ್ಟುವ ಮೊದಲೇ ಪೂರ್ತಿ ಥ್ರಾಟಲ್ ಕೊಟ್ಟರೆ ಪಿಸ್ಟನ್ ಬೇಗ ಹಿಗ್ಗುತ್ತದೆ, ತಣ್ಣಗಿನ ಸಿಲಿಂಡರ್ ಹಿಗ್ಗುವುದಿಲ್ಲ. ಎರಡೂ ಕಚ್ಚಿಕೊಳ್ಳುತ್ತವೆ.

ತರಬೇತಿ ಶಾಲೆಗಳು ಸೋಲೋಗೆ ಬಿಡುವ ಮುನ್ನ ಒಂದು ಕೆಲಸ ಮಾಡಲಿ. ನೆಲದಿಂದ 2,000 ಅಡಿ ಮೇಲೆ, ಟೇಕಾಫ್‌ನಂತೆಯೇ ಏರುತ್ತಿರುವಾಗ, ಶಿಕ್ಷಕರು ಹೇಳದೆ ಕೇಳದೆ ಥ್ರಾಟಲ್ ಎಳೆದು ಪವರ್ ತೆಗೆಯಲಿ. ಕಲಿಯುವವರು ಮೂತಿ ಬಗ್ಗಿಸಲು ಎಷ್ಟು ಹೊತ್ತು ತೆಗೆದುಕೊಂಡರು, ಎಷ್ಟು ಅಡಿ ಕಳೆದುಕೊಂಡರು ಎಂಬುದನ್ನು ಪ್ರತಿ ಸಲವೂ ಲಾಗ್‌ಬುಕ್‌ನಲ್ಲಿ ಬರೆಯಲಿ.

– ಮೈಕ್ರೋಲೈಟ್ ಹಾರಾಟಗಾರರು, ಬೆಂಗಳೂರು