ಹೊಸ ಕಾಗದ ಬೇಡ, ಹಳೇ ಕಾಗದ ಹುಡುಕೋಣ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಈ ಕಡೆ ಎಲ್ಲರೂ ಕ್ಷೇಮ. ಅಡಿಕೆ ಕೊಯ್ಲು ಅಂತೂ ಮುಗಿಯಿತು.

ಅಮ್ಮನನ್ನು ಅಮೆರಿಕಕ್ಕೆ ಕಾಯಂ ಆಗಿ ಕರೆಸಿಕೊಳ್ಳುವ ಅರ್ಜಿಗೆ ಏಜೆಂಟ್ ಕೈಯಲ್ಲಿ ಕಾಗದ ಮಾಡಿಸೋಣವಾ ಅಂತ ಭಾನುವಾರ ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು "ಆಮೇಲೆ ಹೇಳ್ತೀನಿ" ಅಂದೆ. ನಿನ್ನಮ್ಮ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದಳು. ಈಗ ಹೇಳ್ತೀನಿ. ಆ ಏಜೆಂಟ್ ಹದಿನೈದು ದಿನದಲ್ಲಿ ನಿನ್ನ ಜನನ ಪ್ರಮಾಣಪತ್ರ ಮಾಡಿಸಿಕೊಡ್ತೀನಿ ಅಂದನಲ್ಲ, ಅದು ಬೇಡ. ಮೂವತ್ತನಾಲ್ಕು ವರ್ಷ ತಾಲ್ಲೂಕು ಕಚೇರಿಯಲ್ಲಿ ಕೂತವನು ನಾನು. ಇಲ್ಲದ ಪುಸ್ತಕಕ್ಕೆ ಇಲ್ಲದ ನೋಂದಣಿ ನಂಬರು ಹಾಕಿಸಿ ತಂದ ಎಷ್ಟು ಕಾಗದ ನೋಡಿದ್ದೇನೋ. ಸೀಲು ಚೆನ್ನಾಗೇ ಇರುತ್ತದೆ. ಯಾರಾದರೂ ಮೂಲ ರಿಜಿಸ್ಟರ್ ತೆಗೆಸಿದ ದಿನ ಎಲ್ಲ ಬಯಲಾಗುತ್ತದೆ.

ಸಿಕ್ಕಿಬಿದ್ದರೆ ಪೆಟ್ಟು ಬೀಳುವುದು ಏಜೆಂಟಿಗಲ್ಲ, ನಿನ್ನಮ್ಮನಿಗೆ. ವೀಸಾ ಸಂದರ್ಶನದಲ್ಲಿ ಆ ಕಾಗದ ತೋರಿಸಿ "ಇದು ನಿಜ" ಎಂದರೆ ಸುಳ್ಳು ದಾಖಲೆ ಕೊಟ್ಟವಳು ಅಂತ ಅವಳಿಗೆ ಜೀವನಪೂರ್ತಿ ಬಾಗಿಲು ಮುಚ್ಚಬಹುದು. ವಲಸೆ ವೀಸಾಗೆ ಅದರಿಂದ ಮಾಫಿ ಬೇಕಿದ್ದರೆ ಅವಳ ಗಂಡನೋ ಅಪ್ಪ-ಅಮ್ಮನೋ ಅಲ್ಲಿಯ ಪ್ರಜೆ ಅಥವಾ ಗ್ರೀನ್ ಕಾರ್ಡ್ ಪಡೆದ ಕಾಯಂ ನಿವಾಸಿಗಳಾಗಿರಬೇಕು. ಮಗ ಆ ಲೆಕ್ಕಕ್ಕೆ ಬರುವುದಿಲ್ಲ. ಭಾವ ಇಲ್ಲ, ನಮ್ಮ ಅಪ್ಪ-ಅಮ್ಮ ಹೋಗಿ ಎಷ್ಟೋ ವರ್ಷವಾಯಿತು. ಅಂದರೆ ಅಕ್ಕನಿಗೆ ಆ ಕಿಟಕಿಯೂ ಇಲ್ಲ. ಮೊಮ್ಮಗಳನ್ನು ನೋಡಲು ಸುಮ್ನೆ ಎರಡು ತಿಂಗಳಿಗೆ ಬರುವುದೂ ಕಷ್ಟವಾದೀತು.

ನಿಜ ಹೇಳಬೇಕೆಂದರೆ ನಿನ್ನ ಕೇಸು ಅಷ್ಟು ಕಷ್ಟದ್ದೇನಲ್ಲ. ನೀನು ಪ್ರಜೆಯಾಗಿದ್ದೀಯ, ವಯಸ್ಸು ಇಪ್ಪತ್ತೊಂದು ದಾಟಿ ಯಾವ ಕಾಲವಾಯಿತು. ಪ್ರಜೆಯ ತಂದೆ-ತಾಯಿಗೆ ಕೋಟಾ ಇಲ್ಲ, ವರ್ಷಗಟ್ಟಲೆ ಸರದಿಯಲ್ಲಿ ನಿಲ್ಲಬೇಕಾಗಿಲ್ಲ. ಬಂಧುವನ್ನು ಕರೆಸಿಕೊಳ್ಳಲು ಹಾಕುವ ಐ-130 ಅರ್ಜಿಯ ಜೊತೆ ತಾಯಿಯ ವಿಷಯಕ್ಕೆ ಅಮೆರಿಕದವರು ಮುಖ್ಯವಾಗಿ ಕೇಳುವುದು ನಿನ್ನ ಹೆಸರೂ ಅವಳ ಹೆಸರೂ ಇರುವ ನಿನ್ನ ಜನನ ಪ್ರಮಾಣಪತ್ರ. ಅಪ್ಪನಿಗೆ ಹಾಕುವುದಾಗಿದ್ದರೆ ಅವರ ಮದುವೆಯ ದಾಖಲೆಯೂ ಬೇಕಿತ್ತು. ನಮಗೆ ಇಲ್ಲದಿರುವುದು ಆ ಜನನ ಪ್ರಮಾಣಪತ್ರ ಒಂದೇ.

ಕಳೆದ ವಾರ ನಾನೇ ಹೋಗಿ ರೆಕಾರ್ಡ್ ರೂಮಿನಲ್ಲಿ ಕೂತೆ. ಜನನ-ಮರಣ ನೋಂದಣಿ ಕಾಯಿದೆ 1970ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನೀನು 1978ರವನು, ಹಾಗಾಗಿ ದಾಖಲೆ ಇರಲೇಬೇಕು ಅಂತ ಅಮೆರಿಕದವರು ಕೇಳುವುದರಲ್ಲಿ ತಪ್ಪಿಲ್ಲ. 1976ರ ಕಟ್ಟು ಇದೆ, 1980ರದ್ದೂ ಇದೆ. ನಡುವಿನದ್ದನ್ನು ಬಿಚ್ಚಿದರೆ ರಟ್ಟು ಮಾತ್ರ ಕೈಗೆ ಬಂತು, ಒಳಗೆಲ್ಲ ಗೆದ್ದಲು. ಹುಡುಗ ಗುಮಾಸ್ತ ಪೇಚಾಡಿಕೊಂಡ. ನಾನು ನಮೂನೆ 10ರಲ್ಲಿ "ದಾಖಲೆ ಲಭ್ಯವಿಲ್ಲ" ಅಂತ ಪತ್ರ ಕೇಳಿದ್ದೇನೆ. ಬರೀ ಲಭ್ಯವಿಲ್ಲ ಅಂದರೆ ಸಾಲದು. ಯಾಕೆ ಇಲ್ಲ, ಆಜುಬಾಜಿನ ವರ್ಷದ ಪುಸ್ತಕ ಇದೆಯೋ ಇಲ್ಲವೋ, ಇದನ್ನೂ ಕಚೇರಿಯ ತಲೆಬರಹದ ಹಾಳೆಯಲ್ಲಿ ಬರೆದುಕೊಡಿ ಅಂದಿದ್ದೇನೆ. ಅಮೆರಿಕದವರು ನೋಡುವುದು ಅದನ್ನೇ.

ಈಗ ಹೊಸದಾಗಿ ನೋಂದಣಿ ಮಾಡಿಸುವ ಕಾನೂನಿನ ದಾರಿಯೂ ಇದೆ. ವರ್ಷ ಮೀರಿದ್ದಕ್ಕೆ ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬೇಕಿತ್ತು. 2023ರ ತಿದ್ದುಪಡಿ ಆದಮೇಲೆ ಜಿಲ್ಲಾ ದಂಡಾಧಿಕಾರಿ ಅಥವಾ ಉಪವಿಭಾಗ ದಂಡಾಧಿಕಾರಿಯ ಆದೇಶ ಸಾಕು. ಆದರೆ ಅದರಲ್ಲಿ ನೋಂದಣಿ ದಿನಾಂಕ ಈ ವರ್ಷದ್ದೇ ಇರುತ್ತದೆ. ಐವತ್ತರ ಹತ್ತಿರ ಬಂದವನ ಹುಟ್ಟು ಈಗ ದಾಖಲಾಯಿತೇ ಅಂತ ಯಾರಾದರೂ ಕೇಳುತ್ತಾರೆ. ಬೇಕಾದರೆ ಮಾಡಿಸೋಣ, ಅದೊಂದನ್ನೇ ನಂಬಿ ಕೂರುವುದು ಬೇಡ.

ನನ್ನ ಬಲವೆಲ್ಲ ಬೇರೆ ಕಾಗದದ ಮೇಲಿದೆ. 1991ರಲ್ಲಿ ಭಾವ ತೀರಿಕೊಂಡಾಗ ಪೌತಿ ಖಾತೆ ಆಗಿ ಜಮೀನು ವಾರಸುದಾರರ ಹೆಸರಿಗೆ ಬಂತು, ನೆನಪಿದೆಯಾ? ನಿನಗೆ ಹದಿಮೂರು. ಆ ಖಾತೆ ಬದಲಾವಣೆಯ, ಅಂದರೆ ಮ್ಯುಟೇಶನ್ನಿನ, ನಕಲು ತೆಗೆಸಿದ್ದೇನೆ. ವಾರಸುದಾರರ ಜಾಗದಲ್ಲಿ ಮೊದಲು ಅಕ್ಕನ ಹೆಸರು, "ಹೆಂಡತಿ" ಅಂತ. ಅದರ ಕೆಳಗೆ ನಿನ್ನ ಹೆಸರು, ಪಕ್ಕದಲ್ಲಿ ನೀಲಿ ಶಾಯಿಯಲ್ಲಿ "ಮೈನರ್, ಗಾರ್ಡಿಯನ್ ತಾಯಿ". ಅದನ್ನು ಬರೆದ ಗುಮಾಸ್ತನಿಗೆ ನೀನು ಅಮೆರಿಕಕ್ಕೆ ಹೋಗ್ತೀಯ ಅಂತ ಕನಸೂ ಬಿದ್ದಿರಲಿಕ್ಕಿಲ್ಲ. ಯಾರಿಗೂ ಏನೂ ಸಾಬೀತು ಮಾಡುವ ಗರಜಿಲ್ಲದ ಕಾಲದಲ್ಲಿ ಬರೆದ ಸಾಲು ಅದು, ಅದಕ್ಕೇ ಅದಕ್ಕೆ ತೂಕ. ಅದರ ಜೊತೆಗಿದ್ದ ವಂಶವೃಕ್ಷ, ಆಗಿನ ರೇಷನ್ ಕಾರ್ಡು, ರದ್ದಾದ ನಿನ್ನ ಹಳೇ ಪಾಸ್‌ಪೋರ್ಟಿನ ಕೊನೆಯ ಪುಟ, ಎಲ್ಲ ಸೇರಿಸು. ನಿನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಾಯಿಯ ಹೆಸರೇ ಇಲ್ಲ, ಆದರೂ ಇರಲಿ.

ಇನ್ನೊಂದು ವಿಷಯಕ್ಕೆ ಬರ್ತೀನಿ. ಅದರಲ್ಲಿ ತಪ್ಪು ನನ್ನದೇ. ನಿಮ್ಮ ಮನೆಯಿಂದ ಶಾಲೆಗೆ ಹಳ್ಳ ದಾಟಬೇಕಿತ್ತು, ಮಳೆಗಾಲದಲ್ಲಿ ಆಗದ ಮಾತು. ಅದಕ್ಕೇ ನಾಲ್ಕನೇ ಕ್ಲಾಸಿನವರೆಗೆ ನಮ್ಮ ಮನೆಯಲ್ಲಿದ್ದೆ. 1984ರ ಜೂನಿನಲ್ಲಿ ನಾನೇ ಶಾಲೆಗೆ ಸೇರಿಸಿದ್ದು. ಹೆಡ್‌ಮಾಸ್ಟರು ನಿನ್ನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿದರು. ಮುಟ್ಟಿತು. "ಆರು ವರ್ಷ ಆಗಿದೆ" ಅಂತ 1-6-1978 ಬರೆದರು. ಪುಣ್ಯಕ್ಕೆ ನೀನು ಹುಟ್ಟಿದ್ದೂ ಹೆಚ್ಚುಕಡಿಮೆ ಆಗಲೇ. "ತಂದೆ ಅಥವಾ ಪೋಷಕ" ಅನ್ನುವ ಕಡೆ ಎದುರಿಗಿದ್ದವನು ನಾನು ಅಂತ ನನ್ನ ಹೆಸರು ಬರೆದರು. ಓದದೆ ಸಹಿ ಹಾಕಿದೆ. ಹೈಸ್ಕೂಲಿಗೆ ಬಂದಾಗ ಭಾವನ ಹೆಸರು ಸರಿಯಾಯಿತು, ಹಳೇ ಟಿಸಿಯಲ್ಲಿ ಮಾತ್ರ ನಾನೇ ಉಳಿದೆ.

ಅದನ್ನು ಮುಚ್ಚಿಡಬೇಡ. ಯಾಕೆಂದರೆ ಅಲ್ಲಿ ದತ್ತಕದ ಪ್ರಶ್ನೆ ಏಳಬಹುದು. ಅವರ ಕಾನೂನಿನ ಪ್ರಕಾರ ದತ್ತು ಹೋದ ಮಗ ಹೆತ್ತವರಿಗೆ ಅರ್ಜಿ ಹಾಕುವಂತಿಲ್ಲ. ನಾವು ನಿನ್ನನ್ನು ಸಾಕಿದ್ದು ನಿಜ, ದತ್ತು ತೆಗೆದುಕೊಂಡಿದ್ದಲ್ಲ. ನನ್ನ ಅಫಿಡವಿಟ್ಟಿನಲ್ಲಿ ಇದನ್ನು ಬಿಡಿಸಿ ಬರೆದಿದ್ದೇನೆ. ಬರೆದದ್ದನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. ಆಗ ಅವಳಿಗೆ ಆ ಆಸೆ ಇತ್ತು, ನಿನ್ನಮ್ಮ ಒಪ್ಪಿರಲಿಲ್ಲ. ಕೇಳಿಸಿಕೊಂಡು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದಳು.

ಅಫಿಡವಿಟ್ ಎರಡು ಬೇಕು. ಕಣ್ಣಾರೆ ಕಂಡವರದ್ದಾಗಿರಬೇಕು, ಅರ್ಜಿಯಲ್ಲಿ ಪಾಲುದಾರರಾಗಿರಬಾರದು. ಅಂದರೆ ನಿನ್ನದೂ ಅಮ್ಮನದೂ ನಡೆಯುವುದಿಲ್ಲ. ನಿನ್ನ ಚಿಕ್ಕಪ್ಪನ ಮಗ ತಾನು ಕೊಡ್ತೀನಿ ಅಂತ ಬಂದಿದ್ದ. ಅವನು ಹುಟ್ಟಿದ್ದೇ 1981ರಲ್ಲಿ! ನಾನು ಒಬ್ಬ, ಪಕ್ಕದ ಮನೆಯ ಅಜ್ಜಿ ಇನ್ನೊಬ್ಬರು. ಟೈಪಿಸ್ಟ್ ಹತ್ತಿರ ಸಿದ್ಧ ನಮೂನೆ ಇತ್ತು, "ನನಗೆ ತಿಳಿದ ಮಟ್ಟಿಗೆ ಸತ್ಯ" ಅಂತ ಮೂರೇ ಸಾಲು. ಅದು ಬೇಡ ಅಂದೆ. ಅಕ್ಕ ಹೆರಿಗೆಗೆ ತವರಿಗೆ ಬಂದದ್ದು, ಸೂಲಗಿತ್ತಿಯನ್ನು ಕರೆಯಲು ಗೊರಬು ಹಾಕಿಕೊಂಡು ನಾನು ಓಡಿದ್ದು, ಬಚ್ಚಲ ಒಲೆಯಲ್ಲಿ ಒದ್ದೆ ಕಟ್ಟಿಗೆ ಉರಿಯದೆ ಅಜ್ಜಿ ಬೈದದ್ದು, ಎಲ್ಲ ಬರೆಸಿದ್ದೇನೆ. ನನ್ನ ವಿಳಾಸ, ಹುಟ್ಟಿದ ದಿನಾಂಕ, ನಿನಗೆ ಏನಾಗಬೇಕು ಅನ್ನುವುದೂ ಇದೆ.

ಕನ್ನಡದ ಪ್ರತಿಯೊಂದು ಕಾಗದಕ್ಕೂ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಕೆಳಗೆ ಅನುವಾದಕ ತನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಾಗಿದೆ ಅಂತ ಬರೆದು ಸಹಿ ಹಾಕಬೇಕು. ಅಕ್ಕನಿಗೆ ತವರಿನ ಹೆಸರು ಒಂದು, ಮದುವೆಯಲ್ಲಿ ಇಟ್ಟ ಹೆಸರು ಇನ್ನೊಂದು. ಕಾಗದದಲ್ಲಿ ಇದ್ದ ಹಾಗೇ ಅನುವಾದವಾಗಲಿ, ಹೊಂದಿಸಲು ಹೋಗಬೇಡ. ಎರಡೂ ಒಬ್ಬಳೇ ಅಂತ ಬೇರೆ ಅಫಿಡವಿಟ್ ಮಾಡಿಸ್ತೀನಿ.

ಡಿಎನ್‌ಎ ಪರೀಕ್ಷೆ ಮಾಡಿಸಿಬಿಡೋಣವಾ ಅಂತ ನೀನು ಕೇಳಿದೆ. ಅವರಾಗಿ ಸೂಚಿಸುವವರೆಗೆ ಬೇಡ. ಸೂಚಿಸಿದರೆ ಎಎಬಿಬಿ ಅನ್ನುವ ಸಂಸ್ಥೆಯ ಮಾನ್ಯತೆ ಇರುವ ಲ್ಯಾಬೇ ಆಗಬೇಕು. ಕಿಟ್ಟೂ ಫಲಿತಾಂಶವೂ ನಮ್ಮ ಕೈಗೆ ಬರದೆ ನೇರ ಹೋಗಬೇಕು. ಹೊಂದಾಣಿಕೆ ಶೇ. 99.5 ಇರಬೇಕು. ಅಂಥದ್ದೇನಾದರೂ ಬಂದರೆ ಅಕ್ಕನಿಗೆ ನೀನೇ ಹೇಳು. "ಹೆತ್ತಿದ್ದಕ್ಕೂ ಪರೀಕ್ಷೇನಾ?" ಅಂತ ಕೇಳುತ್ತಾಳೆ. ಕೆನ್ನೆಯ ಒಳಗೆ ಹತ್ತಿ ಆಡಿಸುತ್ತಾರೆ, ಅಷ್ಟೇ ಅನ್ನು.

ಇನ್ನೂ ಒಂದು ಇದೆ. ಅವಳು ಬರ್ತೀನಿ ಅಂತ ನಿನಗೆ ಬಾಯಿಬಿಟ್ಟು ಹೇಳಿದ್ದಾಳಾ? ನನಗಂತೂ ಹೇಳಿಲ್ಲ. ಹಸು ಯಾರಿಗೆ ಕೊಡುವುದು ಅಂತ ಮೊನ್ನೆ ಕೇಳಿದಳು, ಅದು ಒಪ್ಪಿಗೆಯೋ ಚಿಂತೆಯೋ ಗೊತ್ತಾಗಲಿಲ್ಲ. ಅರ್ಜಿಯ ಹಣ ಕಟ್ಟುವ ಮೊದಲು ಒಂದು ದಿನ ಅವಳ ಹತ್ತಿರ ನಿಧಾನವಾಗಿ ಮಾತಾಡು, ನಾನು ತೋಟಕ್ಕೆ ಹೋಗಿರ್ತೀನಿ. ಅವಳು ಹೂಂ ಅಂದರೆ ಸಂದರ್ಶನಕ್ಕೆ ಮುಂಬೈಗೆ ನಾನೇ ಕರೆದುಕೊಂಡು ಹೋಗ್ತೀನಿ.

ಮ್ಯುಟೇಶನ್ ನಕಲನ್ನು ಸ್ಕ್ಯಾನ್ ಮಾಡಿ ಇವತ್ತೇ ಕಳಿಸಿದ್ದೇನೆ. ನಮೂನೆ 10 ಬಂದ ಕೂಡಲೇ ಅದನ್ನೂ ಕಳಿಸ್ತೀನಿ.

ಇತಿ,
ನಿನ್ನ ಮಾವ